ಹಗಲು ಚೆನ್ನಾಗಿದ್ದಾನೆ ಸಾರ್, ರಾತ್ರಿ ಮಾತ್ರ...

11:40 – ಕೆಮ್ಮು. ಎದ್ದು ಕೂತ.
1:10 – ಹೊಟ್ಟೆ ನೋವು. ಬಿಸಿನೀರು ಕೇಳಿದ.
2:30 – ಟಾಯ್ಲೆಟ್.
3:50 – ಜೋರು ಕೆಮ್ಮು, ಕಫ ಬಂತು. ಅತ್ತಿಗೆ ಬೆನ್ನು ತಟ್ಟಿದ್ರು.
5:15 – ಮತ್ತೆ ಕೆಮ್ಮು. ಇನ್ನು ಮಲಗಲ್ಲ ಅಂತ ಎದ್ದೇಬಿಟ್ಟ.

ಹೋದ ವರ್ಷ ದಸರಾ ರಜೆಗೆ ಊರಿಗೆ ಹೋದಾಗ ಫೋನಿನ ನೋಟ್ಸ್‌ನಲ್ಲಿ ಬರೆದುಕೊಂಡದ್ದು ಇದು. ಇನ್ನೂ ಅಳಿಸಿಲ್ಲ. ನಮ್ಮದು ಬಿಳಿಕೆರೆ ಪಕ್ಕದ ಹಳ್ಳಿ. ಮೈಸೂರಿಂದ ಹುಣಸೂರು ಬಸ್ ಹತ್ತಿ, ಕೆ.ಆರ್.ನಗರ–ಹಾಸನದ ದಾರಿ ಒಡೆಯುವ ಜಾಗದಲ್ಲಿ ಇಳಿದು ಆಟೋ ಹಿಡಿಯಬೇಕು. ಬೆಂಗಳೂರಲ್ಲಿ ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಸೊರಗಿದವಳಿಗೆ ಊರು ಅಂದರೆ ನಿದ್ದೆ. ಹೋಗೋದೇ ಮಲಗೋಕೆ ಅಂತ ಅವ್ವ ರೇಗಿಸ್ತಾರೆ. ಆ ಸಲ ಮಾತ್ರ ಅಣ್ಣನ ಮಗ ‘ಅತ್ತೆ ಪಕ್ಕ ಮಲಗ್ತೀನಿ’ ಅಂತ ಹಠ ಹಿಡಿದ. ಆಯ್ತು ಬಾರೋ ಅಂದೆ.

ಒಂಬತ್ತು ವರ್ಷದ ಹುಡುಗ. ಅವನಿಗೆ ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಕಾಯಿಲೆ ಇದೆ ಅಂತ ನನಗೆ ಐದು ವರ್ಷದಿಂದ ಗೊತ್ತು. ಔಷಧಿಗಳ ಹೆಸರು ಗೊತ್ತು, ನೆಬ್ಯುಲೈಸರ್ ತಂದುಕೊಟ್ಟವಳು ನಾನೇ. ಆದರೆ ಅವನ ರಾತ್ರಿ ಹೇಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಸಂಜೆ ಏಳಕ್ಕೆ ಕಾಣಿಸೋ ಹುಡುಗ ನಗ್ತಾ ಇರ್ತಾನಲ್ಲ.

ಬೆಳಗ್ಗೆ ಕಾಫಿ ಕುಡೀತಾ ಅತ್ತಿಗೆನ ಕೇಳಿದೆ: ‘ದಿನಾ ಹೀಗೇನಾ?’ ಅವರು ನನ್ನ ಮುಖ ನೋಡಿದ್ರು, ಇದೇನು ಹೊಸ ಪ್ರಶ್ನೆ ಅನ್ನೋ ಹಾಗೆ. ‘ನಿನ್ನೆ ವಾಸಿ ಕಣಮ್ಮಾ. ನೀನಿದ್ದೆ ಅಂತ ಸುಮ್ನೆ ಮಲಗಿದ್ದ.’

ಅದೇ ವಾರ ಸ್ಕೂಲಿನ ಡೈರಿ ನೋಡಿದೆ. ಕೆಂಪು ಇಂಕಿನಲ್ಲಿ ಎರಡು ಕಡೆ ಬರೆದಿತ್ತು: ತರಗತಿಯಲ್ಲಿ ತೂಕಡಿಸುತ್ತಾನೆ, ಗಮನವಿಲ್ಲ. ಮಗ್ಗಿ ಒಪ್ಪಿಸೋದರಲ್ಲಿ ಕ್ಲಾಸಿಗೇ ಮುಂದಿದ್ದವನು ಈಗ ಕೊನೆ ಬೆಂಚು. ಮುಂದಿನ ವರ್ಷ ಇನ್ನೊಂದು ಸಲ ನಾಲ್ಕನೇ ಕ್ಲಾಸಿಗೇ ಕೂರಿಸೋಣ ಅಂತ ಅಣ್ಣ ಯೋಚನೆ ಮಾಡ್ತಿದ್ದ. ಯಾರೂ ಇದನ್ನ ನಿದ್ದೆಗೆ ಜೋಡಿಸಿರಲಿಲ್ಲ, ನಾನೂ ಸೇರಿದಂತೆ.

ಅಜ್ಜಿಗೆ ಮೊದಲೇ ಗೊತ್ತಿತ್ತು

ಇವನು ಆರು ತಿಂಗಳ ಕೂಸಾಗಿದ್ದಾಗ ಅವ್ವ ಒಂದು ಮಾತು ಹೇಳ್ತಿದ್ರು. ‘ಈ ಕೂಸಿಗೆ ಮುತ್ತು ಕೊಟ್ರೆ ಬಾಯೆಲ್ಲಾ ಉಪ್ಪುಪ್ಪು ಕನವ್ವ.’ ನಾವು ನಗ್ತಿದ್ದೆವು. ಬೇಸಿಗೆ, ಬೆವರು, ಇನ್ನೇನು ಅಂತ.

ಅದು ನಗುವ ಮಾತಾಗಿರಲಿಲ್ಲ. ಮುತ್ತು ಕೊಟ್ಟರೆ ಹಣೆ ಉಪ್ಪಾಗಿರುವ ಮಗು ಬಹಳ ದಿನ ಬದುಕದು ಎಂದು ಯುರೋಪಿನ ಹಳ್ಳಿಗಳಲ್ಲಿ ಶತಮಾನಗಳ ಹಿಂದೆಯೇ ಹೇಳುತ್ತಿದ್ದರು. ಈ ಕಾಯಿಲೆಯನ್ನು ಬೇರೆಯದೇ ಕಾಯಿಲೆ ಎಂದು ಗುರುತಿಸಿ 1938ರಲ್ಲಿ ವಿವರವಾಗಿ ಬರೆದವರು ಅಮೆರಿಕದ ವೈದ್ಯೆ ಡೊರೊತಿ ಆಂಡರ್ಸನ್. ಹತ್ತು ವರ್ಷದ ಮೇಲೆ, 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ವಿಪರೀತ ಸೆಕೆ ಬಿತ್ತು. ನಿತ್ರಾಣರಾಗಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ಕಾಯಿಲೆಯವರೇ ಹೆಚ್ಚು ಇದ್ದದ್ದು ವೈದ್ಯರ ಕಣ್ಣಿಗೆ ಬಿತ್ತು. ಅವರ ಬೆವರಿನಲ್ಲಿ ಉಪ್ಪು ಮಿತಿಮೀರಿ ಹೋಗುತ್ತಿದೆ ಎಂದು ಪಾಲ್ ಡಿ ಸ್ಯಾಂಟ್ ಆಗ್ನೀಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ಇವತ್ತಿಗೂ ಕಾಯಿಲೆ ಪತ್ತೆಗೆ ಮುಖ್ಯ ಪರೀಕ್ಷೆ ಬೆವರಿನದೇ. ಮುಂಗೈಗೆ ಔಷಧಿ ಹಚ್ಚಿ, ಸಣ್ಣ ಕರೆಂಟು ಹಾಯಿಸಿ ಬೆವರು ಬರಿಸುತ್ತಾರೆ, ಅರ್ಧ ಗಂಟೆ ಅದನ್ನು ಸಂಗ್ರಹಿಸಿ ಕ್ಲೋರೈಡ್ ಅಳೆಯುತ್ತಾರೆ. ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕಾಯಿಲೆ ಇದೆ ಎಂಬ ಅನುಮಾನ ಬಲವಾಗುತ್ತದೆ. ಮತ್ತೊಮ್ಮೆ ಬೆವರಿನ ಪರೀಕ್ಷೆ ಮಾಡಿ, ಜೀನ್ ಪರೀಕ್ಷೆಯನ್ನೂ ನೋಡಿ ಖಚಿತಪಡಿಸಿಕೊಳ್ಳುತ್ತಾರೆ.

ನಮ್ಮವನಿಗೆ ಆ ಪರೀಕ್ಷೆ ಆದದ್ದು ನಾಲ್ಕನೇ ವಯಸ್ಸಿಗೆ. ಅಷ್ಟರಲ್ಲಿ ಮೂರು ಸಲ ನ್ಯುಮೋನಿಯಾ ಆಗಿತ್ತು, ಒಂದು ಸಲ ‘ಪ್ರೈಮರಿ ಕಾಂಪ್ಲೆಕ್ಸ್’ ಅಂತ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದ್ದೂ ಆಗಿತ್ತು. ನಮ್ಮ ಕಡೆ ಮಗು ಬಿಡದೆ ಕೆಮ್ಮಿ ತೂಕ ಇಳಿಸಿಕೊಂಡರೆ ಜನಕ್ಕೆ ಮೊದಲು ನೆನಪಾಗೋದು ಮೈಸೂರಿನ ಪಿ.ಕೆ. ಸ್ಯಾನಟೋರಿಯಂ. ಅದು ತಪ್ಪೂ ಅಲ್ಲ. ನೂರು ಕೆಮ್ಮಿನಲ್ಲಿ ಟಿಬಿ ಇರಬಹುದು, ಅಸ್ತಮಾ ಇರಬಹುದು, ಬರೀ ಶೀತ ಇರಬಹುದು. ಸಿಸ್ಟಿಕ್ ಫೈಬ್ರೋಸಿಸ್ ಬಿಳಿಯರ ಕಾಯಿಲೆ, ನಮ್ಮಲ್ಲಿ ಇಲ್ಲ ಎಂದೇ ಬಹಳ ಕಾಲ ನಂಬಿದ್ದರು. ಇದೆ. ಆದರೆ ಅಪರೂಪ. ಹುಟ್ಟಿದ ಮಕ್ಕಳಿಗೆಲ್ಲ ಈ ಪರೀಕ್ಷೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಭಾರತದಲ್ಲಿಲ್ಲ. ಅಮೆರಿಕ, ಬ್ರಿಟನ್ನುಗಳಲ್ಲಿ ಇದೆ.

ಕಾಯಿಲೆ ಏನು ಅಂತ ಎರಡು ಮಾತಲ್ಲಿ ಹೇಳ್ತೀನಿ. ಏಳನೇ ವರ್ಣತಂತುವಿನಲ್ಲಿ ಸಿಎಫ್‌ಟಿಆರ್ ಎಂಬ ಜೀನ್ ಇದೆ. ಅದನ್ನು ಪತ್ತೆಹಚ್ಚಿದ್ದು 1989ರಲ್ಲಿ. ಜೀವಕೋಶದ ಗೋಡೆಯಲ್ಲಿ ಕ್ಲೋರೈಡ್ ಹೋಗಿಬರುವ ಬಾಗಿಲನ್ನು ಕಟ್ಟುವುದು ಅದರ ಕೆಲಸ. ಬಾಗಿಲು ಕೆಟ್ಟರೆ ಉಪ್ಪು-ನೀರಿನ ಲೆಕ್ಕ ತಪ್ಪುತ್ತದೆ, ತೆಳ್ಳಗೆ ಹರಿಯಬೇಕಾದ ಲೋಳೆ ಹಲಸಿನ ಮೇಣದ ಹಾಗೆ ಅಂಟಾಗುತ್ತದೆ. ಶ್ವಾಸಕೋಶದಲ್ಲಿ ಆ ಅಂಟು ನಿಂತರೆ ಸೋಂಕು. ಮೇದೋಜ್ಜೀರಕ ಗ್ರಂಥಿಯ ನಾಳ ಮುಚ್ಚಿದರೆ ತಿಂದ ತುಪ್ಪ, ಬೆಣ್ಣೆ ಜೀರ್ಣವಾಗದೆ ಹಾಗೇ ಹೊರಗೆ. ಕೆಟ್ಟ ಜೀನ್ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಇಬ್ಬರಲ್ಲೂ ಅದು ಇದ್ದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಅತ್ತಿಗೆ ನಮ್ಮ ದೊಡ್ಡಕ್ಕನ ಮಗಳು. ಸೋದರಮಾವನನ್ನ ಮದುವೆಯಾಗೋದು ನಮ್ಮಲ್ಲಿ ಹೊಸದಲ್ಲ. ಆಸ್ತಿ, ಪ್ರೀತಿ, ಗೊತ್ತಿರೋ ಮನೆ ಅನ್ನೋ ಧೈರ್ಯ ಎಲ್ಲಾ ಅದರಲ್ಲಿರುತ್ತೆ. ರಕ್ತಸಂಬಂಧದಲ್ಲಿ ಇಂಥ ಜೀನ್ ಇಬ್ಬರಲ್ಲೂ ಇರುವ ಸಂಭವ ಜಾಸ್ತಿ ಅಂತ ಜೆನೆಟಿಕ್ಸ್ ಡಾಕ್ಟರು ಹೇಳಿದ ದಿನ ಅತ್ತಿಗೆ ಊಟ ಮಾಡಲಿಲ್ಲ. ಅವರದ್ದೇನೂ ತಪ್ಪಿಲ್ಲ ಅಂತ ಹೇಳೋಕೆ ನಮಗೆಲ್ಲ ಒಂದು ವರ್ಷ ಬೇಕಾಯ್ತು.

ರಾತ್ರಿಯೇ ಯಾಕೆ?

ನಮ್ಮ ಗಂಟಲು, ಶ್ವಾಸನಾಳಗಳ ಒಳಗೆ ಕಣ್ಣಿಗೆ ಕಾಣದ ಸಣ್ಣ ಕೂದಲಿನಂಥ ಎಳೆಗಳು ದಿನವಿಡೀ ಲೋಳೆಯನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ನಿದ್ದೆಯಲ್ಲಿ ಆ ಕೆಲಸ ನಿಧಾನವಾಗುತ್ತದೆ. ಗಾಢ ನಿದ್ದೆಯಲ್ಲಿ ಕೆಮ್ಮುವ ಎಚ್ಚರವೂ ಮಂಕಾಗುತ್ತದೆ. ನಿಮಗೆ ನನಗೆ ಇದರಿಂದ ಏನೂ ಆಗೋದಿಲ್ಲ. ಅಂಟು ಕಫ ತುಂಬಿರುವ ಮಗುವಿಗೆ ಅದು ಒಂದೊಂದೇ ಗಂಟೆಗೆ ಕೂಡಿಕೊಳ್ಳುತ್ತಾ ಹೋಗುತ್ತದೆ, ನಿದ್ದೆ ತೆಳುವಾದ ಕೂಡಲೇ ಕೆಮ್ಮು ಒತ್ತಿಕೊಂಡು ಬರುತ್ತದೆ. ನನ್ನ ಪಟ್ಟಿಯಲ್ಲಿ 3:50ಕ್ಕೂ 5:15ಕ್ಕೂ ಆದದ್ದು ಇದೇ.

ಇನ್ನೊಂದಿದೆ, ಅದು ಕೆಮ್ಮಿನ ಹಾಗೆ ಕೇಳಿಸೋದಿಲ್ಲ. ಕನಸು ಬೀಳುವ ಹಂತದ ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಪಕ್ಕೆಲುಬಿನ ಸ್ನಾಯುಗಳು ಸಡಿಲವಾಗುತ್ತವೆ, ಉಸಿರು ಮೇಲುಮೇಲಾಗುತ್ತದೆ. ಶ್ವಾಸಕೋಶ ಮೊದಲೇ ಸೋತಿದ್ದರೆ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಈ ಹಂತ ಬೆಳಗಿನ ಜಾವಕ್ಕೆ ಹೆಚ್ಚು. ಕೋವಿಡ್ ಕಾಲದಿಂದ ಎಲ್ಲರ ಮನೆಯಲ್ಲೂ ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ ಇದೆಯಲ್ಲ, ಅದನ್ನ ಹಗಲು ಹಾಕಿ 97 ತೋರಿಸ್ತು ಅಂತ ನಾವು ಸಮಾಧಾನ ಮಾಡಿಕೊಂಡಿದ್ದೆವು. ಹಗಲಿನ ಅಂಕಿ ರಾತ್ರಿಯದನ್ನ ಹೇಳೋದಿಲ್ಲ.

ಮೂಗೂ ಇದರಲ್ಲಿದೆ. ಈ ಮಕ್ಕಳಲ್ಲಿ ಸೈನಸ್ ತೊಂದರೆ ಬಹುತೇಕ ಇದ್ದೇ ಇರುತ್ತದೆ, ಕೆಲವರಿಗೆ ಮೂಗಿನೊಳಗೆ ದ್ರಾಕ್ಷಿಯಂಥ ಗಂಟುಗಳು, ಪಾಲಿಪ್ ಅಂತಾರಲ್ಲ, ಅವು ಬೆಳೆಯುತ್ತವೆ. ಮೂಗು ಕಟ್ಟಿದ ಮಗು ಬಾಯಿ ತೆರೆದು ಮಲಗುತ್ತದೆ, ಗೊರಕೆ ಹೊಡೆಯುತ್ತದೆ, ನಡುನಡುವೆ ಉಸಿರೇ ನಿಂತ ಹಾಗಾಗುತ್ತದೆ. ಹೊಟ್ಟೆಯದ್ದು ಬೇರೆ ಕತೆ: ಜೀರ್ಣವಾಗದ ಕೊಬ್ಬಿನಿಂದ ಗಾಳಿ, ನುಲಿತ, ಮಲಗಿದಾಗ ಎದೆಗೆ ಉಕ್ಕಿ ಬರುವ ಹುಳಿ. ಕೆಲವು ಮಕ್ಕಳಿಗೆ ತೂಕ ಸಾಲದೆ ರಾತ್ರಿಯಿಡೀ ಹೊಟ್ಟೆಗೆ ನಳಿಕೆಯಲ್ಲಿ ಆಹಾರ ಬಿಡಬೇಕಾಗುತ್ತದೆ, ಪಂಪಿನ ಸದ್ದು, ಮಗ್ಗುಲು ತಿರುಗಲಾಗದ ಭಯ. ಔಷಧಿಗಳೂ ಕಡಿಮೆಯಿಲ್ಲ. ಸ್ಟಿರಾಯ್ಡ್ ಕೊಟ್ಟಾಗ ನಿದ್ದೆ ಹಾರುತ್ತದೆ, ಸಾಲ್ಬುಟಮಾಲ್‌ನಿಂದ ಎದೆ ಡವಗುಟ್ಟುತ್ತದೆ.

ನಿದ್ದೆ ತಜ್ಞರ ಲೆಕ್ಕದಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10. ನಮ್ಮವನು ಒಂಬತ್ತೂವರೆಗೆ ಮಲಗಿ ಐದೂಕಾಲಿಗೆ ಎದ್ದಿದ್ದ, ಮಧ್ಯೆ ನಾಲ್ಕು ಸಲ ಎಚ್ಚರ. ಕೂಡಿ ಕಳೆದು ನೋಡಿದರೆ ಆರು ಗಂಟೆ ಆಗಿರಬಹುದು, ಅದೂ ಚೂರುಚೂರು. ಮಾರನೇ ದಿನ ನಾವಾದರೆ ಎರಡು ಕಾಫಿ ಕುಡಿದು ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡ್ತೀವಿ. ಅವನು ಕೊನೆ ಬೆಂಚಿನಲ್ಲಿ ತೂಕಡಿಸ್ತಾನೆ, ಡೈರಿಗೆ ಕೆಂಪು ಇಂಕು ಬೀಳುತ್ತೆ.

ಡಾಕ್ಟರ ಮುಂದಿನ ಎರಡು ನಿಮಿಷ

ನವೆಂಬರ್‌ನಲ್ಲಿ ಚೆಕಪ್ ಇತ್ತು. ಬೆಂಗಳೂರಿಗೇ ಬರಬೇಕು, ನಾನೂ ರಜೆ ಹಾಕಿ ಜೊತೆಗೆ ಹೋದೆ. ಡಾಕ್ಟರು ಕೇಳಿದರು, ‘ಹೇಗಿದ್ದಾನೆ?’ ಅಣ್ಣ ಕೈಕಟ್ಟಿ ನಿಂತು, ‘ಚೆನ್ನಾಗಿದ್ದಾನೆ ಸಾರ್.’ ಅಷ್ಟೇ!

ಸಿಟ್ಟು ಬಂತು ನನಗೆ. ಆಮೇಲೆ ಯೋಚಿಸಿದರೆ ಅಣ್ಣನ ಮಾತು ಸುಳ್ಳಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು, ಮೂರು ಬಸ್ ಬದಲಿಸಿ ಬಂದವನು, ಸಾಲಿನಲ್ಲಿ ಮೂರು ಗಂಟೆ ಕಾದವನು, ಹೊರಗೆ ಇನ್ನೂ ಐವತ್ತು ಜನ ಇರೋದನ್ನ ನೋಡಿದವನು ದೊಡ್ಡವರ ಟೈಮ್ ಹಾಳು ಮಾಡಬಾರದು ಅಂದುಕೊಳ್ತಾನೆ. ಆಸ್ಪತ್ರೆ ಸೇರುವಂಥದ್ದು ಏನೂ ಆಗಿಲ್ಲ, ಅಂದರೆ ಚೆನ್ನಾಗಿದ್ದಾನೆ. ಕೆಮ್ಮೋದು, ಏಳೋದು, ಅದು ಕಾಯಿಲೆ ಜೊತೆ ಬಂದದ್ದು, ಅನುಭವಿಸಬೇಕು. ಹುಡುಗನೂ ಹೇಳೋದಿಲ್ಲ. ಹುಟ್ಟಿದಾಗಿಂದ ಹೀಗೇ ಮಲಗಿದವನಿಗೆ ಎಲ್ಲರೂ ಹೀಗೇ ಮಲಗ್ತಾರೆ ಅಂತ ಅನಿಸಿರುತ್ತೆ.

ನಾನು ಫೋನು ಮುಂದೆ ಹಿಡಿದೆ. ಏಳು ರಾತ್ರಿಯ ಪಟ್ಟಿ ಇತ್ತು. ನಾನು ಬೆಂಗಳೂರಿಗೆ ಬಂದ ಮೇಲೆ ಅತ್ತಿಗೆ ವಾಟ್ಸ್ಯಾಪ್‌ನಲ್ಲಿ ವಾಯ್ಸ್ ಮೆಸೇಜ್ ಮಾಡಿ ಸೇರಿಸಿದ್ದೂ ಅದರಲ್ಲೇ ಇತ್ತು. ಡಾಕ್ಟರು ಓದಿದರು, ಕನ್ನಡಕ ತೆಗೆದರು, ಕುರ್ಚಿ ಎಳೆದುಕೊಂಡರು.

‘ರಾತ್ರಿ ಮಲಗೋ ಮುಂಚೆ ಏನು ಕೊಡ್ತೀರಮ್ಮಾ?’
‘ಒಂದು ಲೋಟ ಹಾಲು ಸಾರ್, ತುಪ್ಪ ಹಾಕಿ. ತೂಕ ಬರಲಿ ಅಂತ ನೀವೇ ಹೇಳಿದ್ರಿ.’
‘ಹಾಲಿಗೆ ಕ್ಯಾಪ್ಸೂಲ್ ಕೊಡ್ತೀರಾ?’
‘ಹಾಲಿಗೂ ಬೇಕಾ ಸಾರ್? ಊಟದ ಜೊತೆ ಅಂದಿದ್ರಲ್ಲ.’

ಜೀರ್ಣಕ್ಕೆ ಬೇಕಾದ ಎಂಜೈಮ್ ಕ್ಯಾಪ್ಸೂಲ್ ಅದು. ಕೊಬ್ಬು ಇರುವ ಯಾವುದನ್ನು ತಿಂದರೂ ಕುಡಿದರೂ ಬೇಕು. ಮುದ್ದೆ-ಬಸ್ಸಾರಿಗೆ ಲೆಕ್ಕವಿಟ್ಟು ಕೊಡ್ತಿದ್ದ ಅತ್ತಿಗೆ, ಹಾಲನ್ನ ಊಟ ಅಂತ ಎಣಿಸಿರಲಿಲ್ಲ. ನಾವು ಯಾರೂ ಎಣಿಸೋದಿಲ್ಲ. ಒಂದು ಗಂಟೆಯ ಹೊಟ್ಟೆನೋವು ಅಲ್ಲಿಂದ ಬರ್ತಿತ್ತು. ಎಷ್ಟು ಕೊಡಬೇಕು ಅಂತ ಡಾಕ್ಟರು ಬರೆದುಕೊಟ್ಟ ಮೇಲೆ ವಾರದೊಳಗೆ ಅದು ನಿಂತಿತು. ಪ್ರಮಾಣ ಪ್ರತಿ ಮಗುವಿಗೂ ಬೇರೆ, ಅದನ್ನ ನಿಮ್ಮ ವೈದ್ಯರಿಂದಲೇ ಕೇಳಿ.

ಉಳಿದವು ಅಷ್ಟು ಸುಲಭವಾಗಿರಲಿಲ್ಲ. ಬೆರಳಿಗೆ ಕಟ್ಟಿ ರಾತ್ರಿಯಿಡೀ ದಾಖಲಿಸುವ ಆಕ್ಸಿಮೀಟರ್ ಕೊಟ್ಟು ಕಳಿಸಿದರು. ಹಗಲು 97 ಇದ್ದದ್ದು ಬೆಳಗಿನ ಜಾವ ಹಲವು ಸಲ 90ರ ಕೆಳಗೆ ಇಳಿದಿತ್ತು. ಇಎನ್‌ಟಿಯವರು ನೋಡಿ ಎಡ ಮೂಗಿನಲ್ಲಿ ಪಾಲಿಪ್ ಇದೆ ಅಂದರು. ಸ್ಪ್ರೇ ಕೊಟ್ಟರು, ಉಪ್ಪುನೀರಿನಲ್ಲಿ ಮೂಗು ತೊಳೆಯೋದನ್ನ ಕಲಿಸಿದರು, ಆಪರೇಷನ್ ಬೇಕಾ ಅಂತ ಆಮೇಲೆ ನೋಡೋಣ ಅಂದರು. ಕಫ ಪರೀಕ್ಷೆಯಲ್ಲಿ ಹೊಸ ಸೋಂಕು ಸಿಕ್ಕಿತು. ಎರಡು ವಾರ ಆ್ಯಂಟಿಬಯಾಟಿಕ್. ಅಂದರೆ ಹಗಲು ‘ಚೆನ್ನಾಗಿದ್ದ’ ಹುಡುಗನ ಶ್ವಾಸಕೋಶ ಕೆಡ್ತಾ ಇರೋ ಸುದ್ದಿ ಮೊದಲು ಹೊರಗೆ ಬಂದದ್ದು ರಾತ್ರಿಯಲ್ಲೇ. ನಾವು ಕೇಳಿಸಿಕೊಂಡಿರಲಿಲ್ಲ.

ಫಿಸಿಯೋ ಮೇಡಂ ಸಂಜೆಯ ಟೈಮ್‌ಟೇಬಲ್ಲೇ ಬದಲಿಸಿದರು. ಮೊದಲು ನಮ್ಮ ಮನೇಲಿ ಎಲ್ಲಾ ಕೆಲಸ ಮುಗಿದ ಮೇಲೆ, ಒಂಬತ್ತಕ್ಕೆ, ಊಟ ಆದ ಕೂಡಲೇ ನೆಬ್ಯುಲೈಸರ್. ಉಪ್ಪಿನ ಅಂಶ ಹೆಚ್ಚಿರುವ ದ್ರಾವಣ ಅದು, ಕಫ ಸಡಿಲ ಮಾಡಿ ಕೆಮ್ಮು ಬರಿಸೋದೇ ಅದರ ಕೆಲಸ. ಅದಾದ ತಕ್ಷಣ ಮಲಗಿಸಿದರೆ ಎದ್ದು ಬಂದ ಕಫ ಎಲ್ಲಿಗೆ ಹೋಗಬೇಕು? ಈಗ ಸಂಜೆ ಆರೂವರೆಗೆ, ಊಟಕ್ಕೆ ಮುಂಚೆ. ನೆಬ್ಯುಲೈಸರ್, ಆಮೇಲೆ ಬೆನ್ನು ಎದೆ ತಟ್ಟೋದು, ಬಾಟಲಿ ನೀರಿಗೆ ನಳಿಕೆ ಇಟ್ಟು ಗುಳ್ಳೆ ಊದೋದು, ಹಫ್ ಹಫ್ ಅಂತ ಉಸಿರು ದಬ್ಬಿ ಕಫ ಉಗುಳೋದು. ಒಂಬತ್ತರ ಹೊತ್ತಿಗೆ ಎದೆ ಖಾಲಿ. ಸಂಜೆ ಕರೆಂಟು ಹೋಗುವ ದಿನಗಳಿಗೆ ಅಂತ ಒಂದು ಸಣ್ಣ ಯುಪಿಎಸ್ ತಗೊಂಡೆವು. ಮೂರು ದಿಂಬು ಪೇರಿಸೋದು ಬಿಟ್ಟು ಮಂಚದ ತಲೆಕಡೆ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟೆವು. ದಿಂಬಿನ ಮೇಲೆ ಕುತ್ತಿಗೆ ಮಾತ್ರ ಬಾಗುತ್ತೆ, ಹೊಟ್ಟೆ ಮಡಚಿಕೊಳ್ಳುತ್ತೆ.

ಒಂದು ಮಾತು ಒತ್ತಿ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ‘ಕೆಮ್ಮಿಗೆ, ಸ್ವಲ್ಪ ನಿದ್ದೆ ಬರೋ ಹಾಗೆ’ ಅಂತ ಕೇಳಿ ತರೋ ಸಿರಪ್ ಇದೆಯಲ್ಲ, ಈ ಮಕ್ಕಳಿಗೆ ಅದನ್ನ ನೀವಾಗಿ ಕೊಡಬೇಡಿ. ಅದು ಕೆಮ್ಮನ್ನ ಅದುಮುತ್ತೆ, ಕಫ ಒಳಗೇ ಉಳಿಯುತ್ತೆ. ಮಗು ಸದ್ದಿಲ್ಲದೆ ಮಲಗಿದೆ ಅಂತ ನಮಗೆ ನೆಮ್ಮದಿ, ಶ್ವಾಸಕೋಶಕ್ಕಲ್ಲ. ಎರಡು ಚಳಿಗಾಲ ನಾವು ಅದನ್ನ ಮಾಡಿದ್ದೇವೆ.

ಬ್ಯಾರನ್ನಿನ ತಿಂಗಳುಗಳು

ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆಯವರಿಗೆ ನಾನು ಹೇಳಬೇಕಿಲ್ಲ. ಆಗಸ್ಟ್ ಬಂತು ಅಂದರೆ ಹೊಗೆಸೊಪ್ಪು ಬ್ಯಾರನ್ನಿಗೆ ಏರುತ್ತೆ. ಒಂದು ಸಲ ಸೊಪ್ಪು ಏರಿಸಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರಬಾರದು, ಹೆಚ್ಚೂ ಆಗಬಾರದು. ಶಾಖ ಒಂದಿಷ್ಟು ಆಚೀಚೆ ಆದರೂ ಸೊಪ್ಪಿನ ಬಣ್ಣ ಕೆಟ್ಟು ಮಾರ್ಕೆಟ್ಟಲ್ಲಿ ಗ್ರೇಡ್ ಬೀಳುತ್ತೆ. ಹಾಗಾಗಿ ಮನೆಯಲ್ಲಿ ಒಬ್ಬರು ರಾತ್ರಿಯೆಲ್ಲಾ ಎಚ್ಚರ. ವರ್ಜೀನಿಯಾ ತಂಬಾಕು ಬೆಳೆಯೋ ಮನೆಗಳಿಗೆ ನಿದ್ದೆಗೇಡು ಅನ್ನೋದು ವರ್ಷದ ನಾಲ್ಕೈದು ತಿಂಗಳ ಕಸುಬು.

ನಮ್ಮ ಬ್ಯಾರನ್ನು ಮನೆಯಿಂದ ನಲವತ್ತು ಹೆಜ್ಜೆ. ಸೌದೆ ಹೊಗೆ ಗಾಳಿ ತಿರುಗಿದಾಗ ನೇರ ಅವನ ಕಿಟಕಿಗೆ. ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಗುವಿಗೆ ಹೊಗೆ ಎಷ್ಟು ಕೆಟ್ಟದ್ದು ಅಂತ ವಿವರಿಸಬೇಕಿಲ್ಲ. ಬೀಡಿ-ಸಿಗರೇಟಿನದ್ದಾಗಲಿ, ಒಲೆಯದ್ದಾಗಲಿ, ಬ್ಯಾರನ್ನಿನದ್ದಾಗಲಿ. ಅಣ್ಣನಿಗೂ ಗೊತ್ತು. ‘ಅದು ಬಿಟ್ಟರೆ ಇವನ ಔಷಧಿಗೆ ದುಡ್ಡೆಲ್ಲಿಂದ ತರಲಿ, ನೀನೇ ಹೇಳು’ ಅಂದ. ಬೆಂಗಳೂರಿನ ಸಂಬಳದವಳು ನಾನು ಆ ಪ್ರಶ್ನೆಗೆ ಏನು ಹೇಳಲಿ. ಎರಡೆಕರೆಯಲ್ಲಿ ರಾಗಿ, ಜೋಳ ಹಾಕಿದರೆ ಆ ದುಡ್ಡು ಬರೋದಿಲ್ಲ ಅನ್ನೋದು ಅವನಿಗಿಂತ ಚೆನ್ನಾಗಿ ನನಗೆ ಗೊತ್ತಿಲ್ಲ.

ಮೊದಲು ಅವನನ್ನ ಕೆ.ಆರ್.ನಗರ ಕಡೆ, ದೊಡ್ಡಕ್ಕನ ಮನೆಗೆ ಕಳಿಸಿದೆವು. ಅಲ್ಲಿ ಗದ್ದೆ ಬಯಲು, ಬ್ಯಾರನ್ ಇಲ್ಲ. ಮೂರನೇ ರಾತ್ರಿ ಫೋನು ಬಂತು: ಮಗ ಮಲಗ್ತಾ ಇಲ್ಲ, ಅವ್ವ ಬೇಕು ಅಂತಾನೆ. ರಾತ್ರಿ ಉಸಿರು ಕಟ್ಟಿದ ಅನುಭವ ಇರೋ ಮಕ್ಕಳಿಗೆ ಕತ್ತಲೆ, ಒಂಟಿತನ ಎರಡೂ ಭಯ. ಎದ್ದಾಗ ಪಕ್ಕದಲ್ಲಿ ಅದೇ ಕೈ ಇರಬೇಕು. ವಾಪಸ್ ಕರೆತಂದೆವು.

ಈಗ ಮಾಡಿರೋದು ಇಷ್ಟು. ಅವನ ಮಲಗುವ ಕೋಣೆ ಮನೆಯ ಮುಂಭಾಗಕ್ಕೆ ಬದಲಾಗಿದೆ. ಬ್ಯಾರನ್ ಹತ್ತಿರ ಹೋದವರು ಬಟ್ಟೆ ಬದಲಿಸಿ, ಕೈಕಾಲು ಮುಖ ತೊಳೆದೇ ಅವನ ಹತ್ತಿರ ಬರಬೇಕು. ಅತ್ತಿಗೆಗೆ ರಾತ್ರಿ ಬೆಂಕಿ ಪಾಳಿ ಇಲ್ಲ, ಅದನ್ನ ಅಣ್ಣ ಮತ್ತು ಆಳು ನೋಡ್ಕೋತಾರೆ. ಅಡುಗೆಮನೆಯ ಸೌದೆ ಒಲೆ ಹೋಗಿದೆ, ಸ್ನಾನದ ಹಂಡೆಗೆ ಇನ್ನೂ ಸೌದೆಯೇ. ಇದು ಸಾಕಾ? ಸಾಲದು. ಡಾಕ್ಟರೂ ಅದನ್ನೇ ಅಂದರು. ಮುಂದಿನ ವರ್ಷ ಬ್ಯಾರನ್ ಬೇರೆಯವರಿಗೆ ವಹಿಸೋ ಮಾತು ನಡೀತಾ ಇದೆ, ಮನೆಯಲ್ಲಿ ಇನ್ನೂ ಒಮ್ಮತ ಇಲ್ಲ.

ಹದಿನೈದರ ನಂತರ

ಮಕ್ಕಳು ದೊಡ್ಡವರಾದ ಹಾಗೆ ರಾತ್ರಿಯ ಲೆಕ್ಕ ಬದಲಾಗುತ್ತದೆ. ಈ ಕಾಯಿಲೆಯವರಲ್ಲಿ ಹದಿಹರೆಯದ ಹೊತ್ತಿಗೆ ಸಕ್ಕರೆ ಕಾಯಿಲೆ ಸೇರಿಕೊಳ್ಳಬಹುದು. ಅದಕ್ಕೇ ಹತ್ತು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಬೇಕು ಎನ್ನುತ್ತಾರೆ. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳೋದು, ಬಾಯಾರೋದು ಶುರುವಾದರೆ ‘ನೀರು ಜಾಸ್ತಿ ಕುಡೀತಾನೆ’ ಅಂತ ಬಿಡಬೇಡಿ. ಹಾಸ್ಟೆಲ್ ಸೇರಿದವರದ್ದು ಇನ್ನೊಂದು ಪಾಡು. ರೂಮ್‌ಮೇಟ್‌ಗೆ ತೊಂದರೆ ಅಂತ ದಿಂಬಿಗೆ ಬಾಯಿ ಒತ್ತಿ ಕೆಮ್ಮೋದು, ಎಲ್ಲರೆದುರು ನೆಬ್ಯುಲೈಸರ್ ಹಾಕ್ಕೊಳ್ಳೋಕೆ ನಾಚಿಕೆ. ತಮ್ಮಂಥವರ ಜೊತೆ ಕೂತು ಮಾತಾಡೋಣ ಅಂದರೆ ಅದೂ ಆಗದು. ಒಬ್ಬರ ಶ್ವಾಸಕೋಶದ ಸೋಂಕು ಇನ್ನೊಬ್ಬರಿಗೆ ದಾಟುತ್ತದೆಂದು ಈ ಕಾಯಿಲೆ ಇರುವವರು ಪರಸ್ಪರ ಎರಡು ಮೀಟರಾದರೂ ದೂರ ಇರಬೇಕು. ಹಾಗಾಗಿ ಅವರ ಗೆಳೆತನವೆಲ್ಲ ಫೋನಿನಲ್ಲಿ, ಬಹಳ ಸಲ ನಿದ್ದೆ ಬಾರದ ಸರಿರಾತ್ರಿಯಲ್ಲಿ. ಫೋನು ಕಿತ್ತಿಡಿ ಅಂತ ಹೇಳೋದು ಸುಲಭ. ಅದರಾಚೆ ಯಾರಿದ್ದಾರೆ ಅಂತ ಮೊದಲು ಕೇಳಿ.

2019ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಟ್ರೈಕಾಫ್ಟಾ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು. ಮೂರು ಔಷಧಿ ಸೇರಿದ ಮಾತ್ರೆ, ಕೆಟ್ಟ ಬಾಗಿಲನ್ನೇ ರಿಪೇರಿ ಮಾಡುವಂಥದ್ದು. ಹಲವರಿಗೆ ಕೆಮ್ಮು ತಗ್ಗಿ ರಾತ್ರಿ ಸುಧಾರಿಸಿದೆ, ಕೆಲವರಲ್ಲಿ ಆ ಮಾತ್ರೆಯಿಂದಲೇ ನಿದ್ದೆ ಕೆಟ್ಟದ್ದೂ ವರದಿಯಾಗಿದೆ. ಬೆಲೆ ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಮೇಲೆ, ಅಂದರೆ ಎರಡೂವರೆ ಕೋಟಿ ರೂಪಾಯಿಗೂ ಹೆಚ್ಚು. ಎಲ್ಲ ಬಗೆಯ ಜೀನ್ ದೋಷಕ್ಕೂ ಅದು ಕೆಲಸ ಮಾಡೋದಿಲ್ಲ. ಯುರೋಪಿನವರಲ್ಲಿ ಹೆಚ್ಚಾಗಿ ಕಾಣುವ ದೋಷ ನಮ್ಮ ಮಕ್ಕಳಲ್ಲಿ ಅಷ್ಟು ಸಾಮಾನ್ಯವೂ ಅಲ್ಲ. ನಮ್ಮ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದೆ, 2022ರಿಂದ ಎಲ್ಲ ಗುಂಪಿನ ಕಾಯಿಲೆಗೂ 50 ಲಕ್ಷದವರೆಗೆ ನೆರವು ಕೊಡುವ ಅವಕಾಶವಿದೆ. ನಿಗದಿಪಡಿಸಿದ ಕೇಂದ್ರಗಳ ಮೂಲಕವೇ ಅರ್ಜಿ ಹೋಗಬೇಕು. ಕರ್ನಾಟಕದಲ್ಲಿ ಅದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ. ವರ್ಷಕ್ಕೆ ಕೋಟಿಗಳ ಮಾತ್ರೆಗೆ 50 ಲಕ್ಷ ಎಷ್ಟು ದಿನ ಬರುತ್ತೆ ಅಂತ ಕೇಳಬಹುದು. ಆದರೂ ಹೆಸರು ನೋಂದಾಯಿಸಿ.

ಇದನ್ನ ಓದಿ ನಿಮ್ಮ ಮಗು ಎರಡು ರಾತ್ರಿ ಕೆಮ್ಮಿತು ಅಂತ ಗಾಬರಿಯಾಗಬೇಡಿ. ರಾತ್ರಿ ಕೆಮ್ಮುವ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಈ ಕಾಯಿಲೆ ಇರೋದಿಲ್ಲ. ಆದರೆ ನಾಲ್ಕು ವಾರ ದಾಟಿದ ಕೆಮ್ಮು, ಮತ್ತೆ ಮತ್ತೆ ನ್ಯುಮೋನಿಯಾ, ಹೊಟ್ಟೆ ತುಂಬ ತಿಂದರೂ ಏರದ ತೂಕ, ಜಿಡ್ಡುಜಿಡ್ಡಾಗಿ ಕೆಟ್ಟ ವಾಸನೆಯ ಮಲ, ಚಿಕ್ಕ ವಯಸ್ಸಲ್ಲೇ ಮೂಗಿನ ಪಾಲಿಪ್, ಬಿಸಿಲಿಗೆ ಸುಸ್ತಾಗಿ ಬೀಳೋದು, ಉಪ್ಪಾದ ಬೆವರು – ಇವುಗಳಲ್ಲಿ ಎರಡು ಮೂರು ಒಟ್ಟಿಗಿದ್ದರೆ ಬೆವರಿನ ಪರೀಕ್ಷೆ ಎಲ್ಲಿ ಮಾಡ್ತಾರೆ ಅಂತ ಮಕ್ಕಳ ವೈದ್ಯರನ್ನ ಕೇಳಿ. ಅಜ್ಜಿ ಏನಾದರೂ ಅಂದರೆ ನಗಬೇಡಿ.

ಅತ್ತಿಗೆ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧ. ಒಂಬತ್ತು ವರ್ಷದಲ್ಲಿ ಅವರು ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ. ಮಗ ಕೆಮ್ಮದಿದ್ದರೂ ಎಚ್ಚರ ಆಗುತ್ತೆ, ಯಾಕೆ ಕೆಮ್ಮಲಿಲ್ಲ ಅಂತ ಮೂಗಿನ ಹತ್ತಿರ ಕೈ ಹಿಡಿದು ನೋಡ್ತಾರೆ. ಇಂಥ ಮಕ್ಕಳ ತಾಯಂದಿರ ನಿದ್ದೆ ಮಕ್ಕಳಷ್ಟೇ ಕೆಟ್ಟಿರುತ್ತೆ ಅಂತ ಡಾಕ್ಟರು ಹೇಳಿದಾಗ ಅತ್ತಿಗೆ ನಕ್ಕರು, ‘ನನ್ನದು ಬಿಡಿ ಸಾರ್.’ ಈಗ ತಿಂಗಳಿಗೆ ಎರಡು ಶನಿವಾರ ನಾನು ಊರಿಗೆ ಹೋಗ್ತೀನಿ. ಆ ಎರಡು ರಾತ್ರಿ ಪಾಳಿ ನನ್ನದು. ಅತ್ತಿಗೆ ಅವ್ವನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು ಅನ್ನೋದು ಒಪ್ಪಂದ. ಮೊದಲ ಸಲ ಎರಡು ಗಂಟೆಗೆ ಬಂದು ಬಾಗಿಲ ಹತ್ತಿರ ನಿಂತಿದ್ದರು. ಗದರಿಸಿ ಕಳಿಸಿದೆ.

ಸ್ಕೂಲಿಗೂ ಒಂದು ಪತ್ರ ಕೊಟ್ಟೆವು, ಡಾಕ್ಟರ ಸಹಿ ಹಾಕಿಸಿ. ಟೀಚರು ಒಳ್ಳೆಯವರು, ಅವರಿಗೆ ಗೊತ್ತಿರಲಿಲ್ಲ ಅಷ್ಟೇ. ಈಗ ಮಧ್ಯಾಹ್ನ ಊಟದ ಮೇಲೆ ಸ್ಟಾಫ್‌ರೂಮಿನ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಮಲಗೋಕೆ ಬಿಡ್ತಾರೆ. ಕೆಮ್ಮು ಬಂದರೆ ಕೇಳದೆ ಹೊರಗೆ ಹೋಗಬಹುದು. ಮತ್ತೆ ನಾಲ್ಕನೇ ಕ್ಲಾಸಿಗೆ ಕೂರಿಸೋ ಮಾತು ಸದ್ಯಕ್ಕೆ ನಿಂತಿದೆ.

ಪಟ್ಟಿ ಬರೆಯೋದು ಮುಂದುವರಿದಿದೆ. ಈಗ ಅದನ್ನ ಬರೆಯೋದು ಅವನೇ, ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಎದ್ದಾಗ ಗೋಡೆ ಗಡಿಯಾರ ನೋಡಿ. ಹೋದ ಶನಿವಾರ ರಾತ್ರಿ ನಾನು ಪಕ್ಕದಲ್ಲೇ ಇದ್ದೆ. ಬೆಳಗ್ಗೆ ನೋಡಿದರೆ ಎರಡು ಸಾಲು. 4:05, ಕೆಮ್ಮು, ಸ್ವಲ್ಪ. ಅದರ ಕೆಳಗೆ: 4:20, ಅತ್ತೆ ಗೊರಕೆ.